ನನ್ನಿ ಹೇಳಲು ಹೊರಟವರು

(ಸಂಘದ ವಾರ್ಷಿಕೋತ್ಸವದ ಸಂಜೆ, ಸೈಕಲ್ ಯಾತ್ರೆಗೆ ಹೊರಡುವ ತರುಣರನ್ನು ಬೀಳ್ಕೊಡುತ್ತ ಮಾಡಿದ ಭಾಷಣ)



ಮುಂದಿನ ಸಾಲಿನಲ್ಲಿ ಕುಳಿತಿರುವ ಈ ಎಂಟು ಮಂದಿ ತರುಣರು ನಾಳೆ ಮುಂಜಾನೆ ಕಾಸರಗೋಡಿನಿಂದ ಸೈಕಲನ್ನೇರಿ, ಕಡಲಂಚಿನ ದಾರಿ ಹಿಡಿದು, ತಿರುವನಂತಪುರದ ಬಳಿಯ ವಿಳಿಂಜಂವರೆಗೆ ಹೋಗಲಿದ್ದಾರೆ. ದಾರಿ ಆರುನೂರು ಕಿಲೋಮೀಟರಿಗೆ ಸಮೀಪ. ಅವರ ಲೆಕ್ಕದಲ್ಲಿ ಎಂಟು ದಿನ. 2018ರ ನೆರೆಯಲ್ಲಿ ಎಲ್ಲರಿಗಿಂತ ಮೊದಲು ಓಡಿಬಂದವರ ಮನೆಬಾಗಿಲಿಗೆ ಹೋಗಿ ಕೃತಜ್ಞತೆ ಹೇಳಿ ಬರುವುದು ಈ ಪಯಣದ ಉದ್ದೇಶ.

ಆ ವರುಷ ಜೂನ್ ಮೊದಲ ದಿನದಿಂದ ಆಗಸ್ಟ್ 19ರವರೆಗೆ ಕೇರಳದಲ್ಲಿ ವಾಡಿಕೆಗಿಂತ ನೂರಕ್ಕೆ 42ರಷ್ಟು ಹೆಚ್ಚು ಮಳೆ ಸುರಿಯಿತು. ಅಣೆಕಟ್ಟುಗಳು ತುಂಬಿ ಬಾಗಿಲುಗಳನ್ನು ತೆರೆಯಬೇಕಾಯಿತು. ಆಲುವ, ಚಾಲಕುಡಿ, ಚೆಂಗನ್ನೂರುಗಳಲ್ಲಿ ಜನ ಮಹಡಿಗಳ ಮೇಲೆ ಸಿಕ್ಕಿಬಿದ್ದರು. ನೌಕಾದಳ, ಭೂಸೇನೆಗಳು ಬಂದವು, ನಿಜ. ಆದರೆ ಗಲ್ಲಿಗಲ್ಲಿಯೊಳಗೆ ನುಗ್ಗಿದ್ದು ಮೀನುಗಾರರ ದೋಣಿ. ಕರೆಗೆ ಕಾಯದೆ, ತಮ್ಮ ಜೀವನೋಪಾಯವಾದ ಆ ದೋಣಿಗಳನ್ನು ಲಾರಿಗಳ ಮೇಲೇರಿಸಿ ಅವರು ಹೊರಟುಬಂದರು. ಕಡಲಿನಲ್ಲಿ ಬೆಳೆದವರಿಗೆ ಊರಿನೊಳಗಿನ ನೀರು ಹೊಸತು. ಅಡಿಯಲ್ಲಿ ಕಾಣದ ಕಂಪೌಂಡು ಗೋಡೆ, ಗೇಟು, ಕಂಬ. ತಲೆಯ ಮಟ್ಟದಲ್ಲಿ ವಿದ್ಯುತ್ ತಂತಿ. ಎಷ್ಟೋ ದೋಣಿಗಳ ಹೊಟ್ಟೆ ಒಡೆಯಿತು, ಎಂಜಿನ್‌ಗಳು ಕೆಟ್ಟವು. ಮಲಪ್ಪುರಂ ಜಿಲ್ಲೆಯಲ್ಲಿ ಒಬ್ಬ ಮೀನುಗಾರ ನೀರಿನಲ್ಲಿ ಮೊಣಕಾಲೂರಿ ಬಗ್ಗಿ, ಹೆಂಗಸರು ದೋಣಿ ಹತ್ತಲು ತನ್ನ ಬೆನ್ನನ್ನೇ ಮೆಟ್ಟಿಲಾಗಿಸಿದ ಚಿತ್ರವನ್ನು ನಾವೆಲ್ಲ ನೋಡಿದ್ದೇವೆ. ಸರಕಾರದ ಲೆಕ್ಕದಲ್ಲಿ 669 ದೋಣಿಗಳು, ಬದುಕಿಸಿದ ಜೀವಗಳು ಸುಮಾರು 65,000. ದಿನಕ್ಕೆ ಮೂರು ಸಾವಿರ ರೂಪಾಯಿ ಕೊಡುವುದಾಗಿ ಪ್ರಕಟಣೆ ಬಂದಾಗ, ಜೀವ ಉಳಿಸಿದ್ದಕ್ಕೆ ಕೂಲಿ ಬೇಡವೆಂದವರೂ ಅವರಲ್ಲಿದ್ದರು.

ಇನ್ನೊಂದು ಮಾತನ್ನು ಮರೆಯಬಾರದು. ಅದಕ್ಕೆ ಒಂಬತ್ತು ತಿಂಗಳ ಹಿಂದೆಯಷ್ಟೇ, 2017ರ ನವೆಂಬರ್ ಕೊನೆಯಲ್ಲಿ, ಓಖಿ ಚಂಡಮಾರುತ ಪೂಂದುರ, ವಿಳಿಂಜಂಗಳ ಅನೇಕ ಮನೆಗಳ ದುಡಿಯುವ ಗಂಡಸರನ್ನು ಕಡಲಿಗೆ ಸೆಳೆದುಕೊಂಡಿತ್ತು. ಆ ಕೇರಿಗಳಿಂದಲೇ ದೋಣಿಗಳು ಹೊರಟವು.

ಈ ಯಾತ್ರೆಯ ಸುದ್ದಿ ಹಬ್ಬಿದಾಗ ನಮ್ಮವರೇ ಕೆಲವರು ಆಕ್ಷೇಪಿಸಿದರು. 'ಆ ಮಳೆಯಲ್ಲಿ ಕಾಸರಗೋಡಿಗೆ ಬಂದ ಕಷ್ಟ ಉಳಿದೆಡೆಗಿಂತ ಕಡಿಮೆ. ನಮ್ಮ ಕನ್ನಡ ಶಾಲೆಗಳ ಗತಿಯೇ ಹೀಗಿರುವಾಗ ಮಲೆಯಾಳದ ಊರುಗಳಿಗೆ ಹೋಗಿ ಕೈಮುಗಿಯುವುದೇಕೆ ಮಾಸ್ತರರೇ?' ಎಂದು ಕೇಳಿದರು. ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ, ಕೇಳಿದವರು ಕನ್ನಡಕ್ಕಾಗಿ ಸವೆದವರು. ಆದರೂ ಹೇಳುತ್ತೇನೆ. ನುಡಿಯ ಹಕ್ಕಿಗಾಗಿ ನಾವು ಅರ್ಜಿ ಬರೆಯುವುದು ಅಧಿಕಾರದಲ್ಲಿರುವವರಿಗೆ. ನೀಂಡಕರದ ಬೆಸ್ತನ ಮೇಲೆ ನಮಗೆ ಯಾವ ವ್ಯಾಜ್ಯವೂ ಇಲ್ಲ. ಇವೆರಡನ್ನೂ ಬೆರೆಸಿದ ದಿನ ನಮ್ಮ ಹೋರಾಟವೇ ಸಣ್ಣದಾಗುತ್ತದೆ. ಕಡಲವರಾದರೂ ಗಡಿ ನೋಡಿಲ್ಲ. 2024ರ ಜುಲೈಯಲ್ಲಿ ಉತ್ತರ ಕನ್ನಡದ ಶಿರೂರಿನಲ್ಲಿ ಗುಡ್ಡ ಕುಸಿದು ಕೋಝಿಕ್ಕೋಡಿನ ಲಾರಿ ಚಾಲಕನೊಬ್ಬ ಗಂಗಾವಳಿಯ ಪಾಲಾದಾಗ, ಆ ಕೆಸರುನೀರಿನಲ್ಲಿ ಮತ್ತೆ ಮತ್ತೆ ಮುಳುಗಿ ಹುಡುಕಿದವರು ನಮ್ಮ ಮಲ್ಪೆಯ ಈಶ್ವರ ಮಲ್ಪೆ.

ವಿದ್ವಾನನಾದವನಿಗೆ ಶಬ್ದದ ಚಪಲ ಬಿಡದು, ಕ್ಷಮಿಸಬೇಕು. ಮಲೆಯಾಳಿಗಳು ಕೃತಜ್ಞತೆಗೆ 'ನನ್ನಿ' ಎನ್ನುತ್ತಾರೆ. ಹಳಗನ್ನಡದಲ್ಲಿಯೂ 'ನನ್ನಿ' ಇದೆ. ಅಲ್ಲಿ ಅದಕ್ಕೆ ಸತ್ಯ, ಪ್ರೀತಿ ಎಂದರ್ಥ. 'ನನ್ನಿಯ ಗಂಗ' ಎಂಬುದು ಗಂಗ ಅರಸರ ಬಿರುದುಗಳಲ್ಲೊಂದು. ಒಳ್ಳೆಯದೆಂಬ ಅರ್ಥದ ಒಂದೇ ಬೇರಿನಿಂದ ಎರಡೂ ಚಿಗುರಿವೆ. ಆದುದರಿಂದ ಮಕ್ಕಳೇ, ಅವರೆದುರು ನೀವು ಆಡುವ ಮೊದಲ ಮಾತಿಗೆ ತರ್ಜುಮೆ ಬೇಕಾಗದು.

ಬಸ್ಸಿನಲ್ಲಿ ಹೋಗಬಹುದಿತ್ತಲ್ಲ ಎಂದವರೂ ಉಂಟು. ಬಸ್ಸು ಪೇಟೆಯಿಂದ ಪೇಟೆಗೆ ಹೋಗುತ್ತದೆ. ಸೈಕಲ್ಲಾದರೆ ಬಲೆ ಒಣಗಿಸುವ ಅಂಗಳದ ಬಳಿ ಇಳಿಯಲೇಬೇಕು, ನೀರು ಕೇಳಲೇಬೇಕು.

ಕೊನೆಗೆ ನಾಲ್ಕು ಮಾತು. ಹಾರ ತುರಾಯಿ ಒಯ್ಯಬೇಡಿರಿ. ಹೆದ್ದಾರಿಯಲ್ಲಿ ಒಬ್ಬರ ಹಿಂದೆ ಒಬ್ಬರು ಸಾಗಿರಿ. ಇರುಳು ಸವಾರಿ ಬೇಡ. ದೋಣಿ ರಿಪೇರಿಯಾಯಿತೇ, ಅದರ ಸಾಲ ತೀರಿತೇ ಎಂದು ಕೇಳಿ, ಅವರು ಹೇಳಿದಂತೆಯೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿರಿ. ಹಿಂದಿರುಗಿದ ಮೇಲೆ ಇದೇ ವೇದಿಕೆಯಲ್ಲಿ ಓದಬೇಕು. ಆಕ್ಷೇಪಿಸಿದ ಹಿರಿಯರೂ ಬಂದು ಕೇಳುವೆವೆಂದು ಮಾತುಕೊಟ್ಟಿದ್ದಾರೆ. ಇನ್ನು ಮನೆಗೆ ಹೋಗಿ ಬೇಗ ಮಲಗಿರಿ. ಟಯರಿನ ಗಾಳಿಯನ್ನು ಈಗಲೇ ನೋಡಿಕೊಳ್ಳಿರಿ, ಪಂಪು ನನ್ನ ಮನೆಯಲ್ಲಿದೆ.