ಕಾಲಂ ಹಾಕುವವರು ಯಾರು?

ಕಾಗದ ಸುಲಭಕ್ಕೆ ಸಿಗದಿದ್ದ ಕಾಲದಲ್ಲಿ ನಮ್ಮ ವ್ಯಾಪಾರಿಗಳೂ ಮಠಗಳೂ ಲೆಕ್ಕ ಬರೆದಿಡುತ್ತಿದ್ದದ್ದು ಕಡತದಲ್ಲಿ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಚಿ, ಬಳಪದಲ್ಲಿ ಬರೆಯುವುದು. ಶೃಂಗೇರಿ ಮಠದ ಕಡತಗಳು ಹೆಸರಾದವು. ತಪ್ಪಿದರೆ ಒರೆಸಬಹುದು. ತೊಡಕು ಒಂದೇ: ಕಡತ ಎಲ್ಲಿದೆಯೋ ಲೆಕ್ಕವೂ ಅಲ್ಲೇ. ನೇತ್ರಾವತಿಯಲ್ಲಿ ದೋಣಿಗೆ ಅಕ್ಕಿಮುಡಿ ಹೇರಿ ಮಂಗಳೂರಿಗೆ ಕಳಿಸಿದ ಬಂಟ್ವಾಳದ ಸಾಹುಕಾರನಿಗೆ ಅಲ್ಲಿ ಎಷ್ಟು ಮುಡಿ ಇಳಿಯಿತೆಂದು ತಿಳಿಯಬೇಕಾದರೆ ದೋಣಿಯೋ ಆಳೋ ಹಿಂದಿರುಗಿ ಬರಬೇಕು.

ಒಂದೇ ಲೆಕ್ಕಕ್ಕೆ ಹಲವರು ಕೈಹಾಕುವುದು ಹೇಗೆ ಎಂಬುದು ಇಂದಿನ ವಿಷಯ. ಪ್ರೋಗ್ರಾಮ್ ಬರೆಯಲು ಬಾರದವರೂ ಈಗ ಇಂಟರ್ನೆಟ್ಟಿನಲ್ಲಿ ತಮ್ಮದೇ ಲೆಕ್ಕದ ಆ್ಯಪ್ ಕಟ್ಟಿಕೊಂಡು, ಮನೆಯವರೂ ಕೆಲಸದವರೂ ಅದರಲ್ಲಿ ಬರೆಯುವಂತೆ ಮಾಡಬಹುದು. ನೋ-ಕೋಡ್ ಎನ್ನುತ್ತಾರೆ, ತೀರಾ ಹೊಸದೆಂದೂ ಹೇಳುತ್ತಾರೆ. ನನಗೆ ಅಷ್ಟೇನೂ ಹೊಸದಾಗಿ ಕಾಣುವುದಿಲ್ಲ.

ಬೀಡಿ ಕಟ್ಟುವ ಮನೆಯವರಿಗೆ ಇದು ಬೇಗ ಅರ್ಥವಾದೀತು. ಎಷ್ಟು ಎಲೆ, ಎಷ್ಟು ಹೊಗೆಸೊಪ್ಪು ಕೊಟ್ಟದ್ದು, ಎಷ್ಟು ಸಾವಿರ ಬೀಡಿ ಬಂದದ್ದು, ಎಷ್ಟು ತೆಗೆದುಹಾಕಿದ್ದು: ಕಟ್ಟಿದವರ ಪುಸ್ತಕದಲ್ಲೂ ಬ್ರಾಂಚಿನ ಪುಸ್ತಕದಲ್ಲೂ ಒಂದೇ ಅಂಕಿ ಇರಬೇಕು. 1966ರ ಬೀಡಿ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕುಳಿತು ಕಟ್ಟುವವರನ್ನೂ ಕಾರ್ಮಿಕರೆಂದು ಒಪ್ಪಿದ ಮೇಲೆ ಆ ಪುಸ್ತಕದ ಬೆಲೆ ಇನ್ನೂ ಹೆಚ್ಚಿತು. ಅದಕ್ಕೂ ಹಿಂದೆ, 1928ರಲ್ಲಿ, ಟಿ.ಎಂ.ಎ. ಪೈಗಳ ಉಡುಪಿಯ ಬ್ಯಾಂಕು, ಅಂದರೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು, ಪಿಗ್ಮಿ ಶುರುಮಾಡಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು. ಕೊಟ್ಟವರ ಬಳಿ ಒಂದು ಬರಹ, ಕಲೆಕ್ಷನಿಗೆ ಬಂದವರ ಬಳಿ ಒಂದು, ಬ್ಯಾಂಕಿನ ಲೆಡ್ಜರಿನಲ್ಲಿ ಮತ್ತೊಂದು. ಮೂರೂ ತಾಳೆಯಾಗಬೇಕು. ಈಗಿನ ಸರ್ವರ್ ಮಾಡುವ ಕೆಲಸವನ್ನು ಆಗ ಕಾಲ್ನಡಿಗೆ ಮಾಡುತ್ತಿತ್ತು.

ಇನ್ನು ಜಾಗದ ಲೆಕ್ಕ. 1956ರವರೆಗೆ ದಕ್ಷಿಣ ಕನ್ನಡದ ನಾವು ಮದರಾಸಿನ ಕೆಳಗಿದ್ದವರು. ಪಹಣಿಗೆ ಅಡಂಗಲ್ ಎಂಬ ಮಾತು ಹಳಬರ ಬಾಯಲ್ಲಿ ಉಳಿದದ್ದು ಹಾಗೆ. 1974ರ ಭೂಸುಧಾರಣೆಯಲ್ಲಿ ಒಕ್ಕಲುಗಳು ಡಿಕ್ಲರೇಶನ್ ಕೊಟ್ಟರಲ್ಲ, 7ನೇ ನಂಬರ್ ಫಾರ್ಮಿನಲ್ಲಿ? ಶಾಲೆಯ ಮೆಟ್ಟಿಲು ಹತ್ತದವರಿಗೂ ಒಂದು ಫಾರ್ಮು ಬದುಕನ್ನೇ ಬದಲಿಸಬಲ್ಲುದೆಂದು ತಿಳಿದದ್ದು ಆಗ. ಇವತ್ತಿಗೂ ತೋಟ ಕೊಳ್ಳುವವರು ಮೊದಲು ನೋಡುವುದು ಪಹಣಿಯ, ಅಂದರೆ ಆರ್‌ಟಿಸಿಯ 9ನೇ ಕಾಲಂ, ಮಾಲಕರು ಯಾರೆಂದು. ಆಮೇಲೆ 11, ಸಾಲಗೀಲ ಇದೆಯೇ ಎಂದು. 2000ದ ಸುಮಾರಿಗೆ ಬಂದ ಭೂಮಿ ಯೋಜನೆ ರಾಜ್ಯದ ಸುಮಾರು 2 ಕೋಟಿ ಆರ್‌ಟಿಸಿಗಳನ್ನು ಕಂಪ್ಯೂಟರಿಗೆ ಏರಿಸಿ ಕೈಬರಹದ ಪಹಣಿಯನ್ನು ನಿಲ್ಲಿಸಿತು. ಅದರ ಸಾಫ್ಟ್‌ವೇರ್ ಬರೆದವರು ಕೇಂದ್ರ ಸರ್ಕಾರದ ಎನ್‌ಐಸಿಯವರು. ಕಾಲಂಗಳು ಕಂದಾಯ ಇಲಾಖೆಯವು.

ನಾನು ಹೇಳಬೇಕೆಂದಿರುವುದೂ ಇದನ್ನೇ. ಯಾವ ಕಾಲಂ ಬೇಕು, ಯಾರು ಯಾವುದರಲ್ಲಿ ಬರೆಯಬಹುದು ಎಂದು ನಿಶ್ಚಯಿಸಿದವರು ಯಾವ ಕಾಲಕ್ಕೂ ವ್ಯವಹಾರ ಬಲ್ಲವರೇ. ನಡುವೆ ಕೆಲವು ದಶಕ ಮಾತ್ರ ಯಂತ್ರದ ಭಾಷೆ ಬಲ್ಲವನೊಬ್ಬ ದಲ್ಲಾಳಿಯಂತೆ ಮಧ್ಯೆ ನಿಂತ.

ದಲ್ಲಾಳಿಯ ಕಾಲ ಸಣ್ಣದು. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್, ಮಾಹಿತಿಯನ್ನು ಒಂದಕ್ಕೊಂದು ಸಂಬಂಧವಿರುವ ಕೋಷ್ಟಕಗಳಲ್ಲಿ ಇಡಬೇಕೆಂದು ಬರೆದರು. 1979ರಲ್ಲಿ ವಿಸಿಕ್ಯಾಲ್ಕ್ ಬಂದು ಲೆಕ್ಕದ ಹಾಳೆ ಪರದೆಗೆ ಏರಿತು. ಆಮೇಲೆ ಕೋಷ್ಟಕಗಳನ್ನಿಡುವ ಡಿಬೇಸ್, ಫಾಕ್ಸ್‌ಪ್ರೊ, 1992ರಲ್ಲಿ ಮೈಕ್ರೋಸಾಫ್ಟ್ ಆ್ಯಕ್ಸೆಸ್. ಎಲ್ಲವೂ ಒಂದು ಮೇಜಿನ ಯಂತ್ರದೊಳಗೆ, ಹೆಚ್ಚಿನವು ಇಂಗ್ಲಿಷಿನಲ್ಲಿ. ಕನ್ನಡವನ್ನು ಕೀಲಿಮಣೆಗೆ ಒಗ್ಗಿಸಿದವರಲ್ಲಿ ಮೊದಲಿಗರು ನಮ್ಮ ಜಿಲ್ಲೆಯ ಕಿನ್ನಿಕಂಬಳದ ಕೆ.ಪಿ. ರಾವ್ ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. 2006ರಲ್ಲಿ, ಇಂಟರ್ನೆಟ್ಟಿನಲ್ಲೇ ಆ್ಯಪ್ ಕಟ್ಟಿಕೊಳ್ಳುವ, ಚೆನ್ನೈಯವರ ಜೋಹೋ ಕ್ರಿಯೇಟರ್ ಬಂತು, ಅದೇ ವರ್ಷ ಗೂಗಲಿನ ಹಂಚಿಕೊಳ್ಳುವ ಸ್ಪ್ರೆಡ್‌ಶೀಟ್. ಅಂಥ ಹಾಳೆಯಿಂದಲೇ ಮೊಬೈಲ್ ಆ್ಯಪ್ ಕಟ್ಟಿಕೊಡುವ ಆ್ಯಪ್‌ಶೀಟ್ ಎಂಬ ಕಂಪನಿಯನ್ನು 2020ರಲ್ಲಿ ಗೂಗಲ್ ಕೊಂಡುಕೊಂಡಿತು.

ಇದರಿಂದ ಊರಿಗೇನು? ಬೆಳ್ತಂಗಡಿಯಲ್ಲಿ ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುವ ಒಂದು ಅಂಗಡಿ ಎಂದಿಟ್ಟುಕೊಳ್ಳಿ. ದೀಪಾವಳಿ ಕಳೆದರೆ ಮೇ ತಿಂಗಳ ಪತ್ತನಾಜೆವರೆಗೆ ಮದುವೆ, ನೇಮ, ಯಕ್ಷಗಾನ ಬಯಲಾಟ. ಅಣ್ಣ ಫೋನಿನಲ್ಲಿ ಒಪ್ಪಿಕೊಂಡ ದಿನಕ್ಕೇ ತಮ್ಮನೂ ಮೂಡುಬಿದಿರೆಯವರಿಗೆ ಮಾತು ಕೊಟ್ಟಿರುತ್ತಾನೆ. ಮೂರು ಹಾಳೆ ಮಾಡಿ. ಒಂದರಲ್ಲಿ ಗಿರಾಕಿಗಳು: ಹೆಸರು, ಫೋನು, ಊರು, ಒಮ್ಮೆ ಬರೆದರೆ ಆಯಿತು. ಇನ್ನೊಂದರಲ್ಲಿ ಸಾಮಾನು: ಕುರ್ಚಿ ಎಷ್ಟು, ಹಂಡೆ ಎಷ್ಟು. ಮೂರನೆಯದರಲ್ಲಿ ಬುಕಿಂಗ್: ಯಾರಿಗೆ, ಯಾವ ದಿನ, ಏನೇನು. ಗಿರಾಕಿಯ ಹೆಸರನ್ನು ಇಲ್ಲಿ ಮತ್ತೆ ಬರೆಯಬೇಕಿಲ್ಲ, ಮೊದಲ ಹಾಳೆಯಿಂದ ಆರಿಸಿಕೊಂಡರಾಯಿತು. ಕಾಡ್ ಅವರ ತತ್ವ ಇಷ್ಟೇ. ಟೆಂಪೋ ಓಡಿಸುವವನಿಗೆ ನಾಳೆಯ ಸಾಲುಗಳು ಮಾತ್ರ ಕಾಣಲಿ, ಬಾಕಿ ಹಣದ ಕಾಲಂ ಕಾಣುವುದು ಬೇಡ. ಈ ಅಪ್ಪಣೆಗಳನ್ನು ಕೊಡಲು ಕೋಡ್ ಬೇಡ. ಆದರೆ ಯಾರಿಗೆ ಏನು ತೋರಿಸಬೇಕೆಂಬ ವಿವೇಚನೆ ಬೇಕು, ಅದನ್ನು ಯಾವ ಕಂಪನಿಯೂ ಮಾರುವುದಿಲ್ಲ.

ಎಚ್ಚರಿಕೆ ಎರಡು. ಲೆಕ್ಕ ಇರುವುದು ಬೇರೆಯವರ ಕಂಪ್ಯೂಟರಿನಲ್ಲಿ. ಈ ಬಗೆಯ ಸೇವೆಗಳಲ್ಲಿ ಮುಂಚಿನದಾದ ಡ್ಯಾಬಲ್ ಡಿಬಿಯನ್ನು 2010ರಲ್ಲಿ ಟ್ವಿಟರ್ ಕೊಂಡಿತು, ಸ್ವಲ್ಪದರಲ್ಲೇ ಅದು ಮುಚ್ಚಿಹೋಯಿತು. ಆದ್ದರಿಂದ ತಿಂಗಳಿಗೊಮ್ಮೆ ಎಲ್ಲ ಹಾಳೆಗಳ ನಕಲು ಇಳಿಸಿ ಮನೆಯಲ್ಲಿಟ್ಟುಕೊಳ್ಳಿ. ಎರಡನೆಯದು ಸಿಗ್ನಲ್. ಘಟ್ಟದ ಬುಡಕ್ಕೆ ಹೋದರೆ ಅದು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆ್ಯಪ್‌ಶೀಟಿನಂಥವು ನೆಟ್ ಇಲ್ಲದಾಗಲೂ ಬರೆಸಿಕೊಂಡು ಆಮೇಲೆ ಕಳಿಸುತ್ತವೆ. ಆದರೆ ಇಬ್ಬರು ಒಂದೇ ಸಾಲನ್ನು ತಿದ್ದಿದ್ದರೆ ಸಾಮಾನ್ಯವಾಗಿ ಕೊನೆಗೆ ತಲುಪಿದ್ದು ಉಳಿಯುತ್ತದೆ, ಮೊದಲಿನದು ಅಳಿಯುತ್ತದೆ. ಹಾಗಾಗಿ ಹಣದ ಹಾಳೆಯಲ್ಲಿ ತಿದ್ದುವ ಅವಕಾಶವನ್ನೇ ತೆಗೆದುಬಿಡಿ. ತಪ್ಪಾದರೆ ಕೆಳಗೆ ಹೊಸ ಸಾಲು ಸೇರಿಸಿ ಕಳೆಯಲಿ, ಬರೆದವರ ಹೆಸರೂ ದಿನಾಂಕವೂ ಪಕ್ಕದ ಕಾಲಂನಲ್ಲಿ ತಾನಾಗಿ ಬೀಳುವಂತೆ ಇಡಿ.