ಬಸಿಯುವ ವಿದ್ಯೆ ನಮಗೆ ಹೊಸದೇ?



ದೊಡ್ಡಬಳ್ಳಾಪುರವೆಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು ಮಗ್ಗದ ಸದ್ದು ಮತ್ತು ರೇಷ್ಮೆ ಸೀರೆ. ಆಮೇಲೆ ಘಾಟಿ ಸುಬ್ರಹ್ಮಣ್ಯ. ದ್ರಾಕ್ಷಿ ನೆನಪಾಗುವುದು ಕಡಿಮೆ. ಆದರೆ ಊರಿನಿಂದ ದೇವನಹಳ್ಳಿ ರಸ್ತೆ ಹಿಡಿದು ಹೊರಟರೆ ರಘುನಾಥಪುರದ ಬಳಿ, ನಂದಿಬೆಟ್ಟದ ಸೀಮೆಯಲ್ಲಿ, ಫ್ರಾನ್ಸ್ ಮೂಲದ ದ್ರಾಕ್ಷಿ ತಳಿಗಳ ತೋಟವಿದೆ. ಕನ್ವಲ್ ಗ್ರೋವರ್ ಎಂಬ ಉದ್ಯಮಿ 1988ರಲ್ಲಿ ಗ್ರೋವರ್ ವೈನ್‌ಯಾರ್ಡ್ಸ್ ಸಂಸ್ಥೆಯನ್ನು ಇಲ್ಲಿ ನೆಲೆಗೊಳಿಸಿದರು. ಶಾಂಪೇನ್ ಪ್ರಾಂತದ ತಜ್ಞ ಜಾರ್ಜ್ ವೆಸೆಲ್ ಅವರಿಗೆ ನೆರವಾದರು. ಮುಂದೆ 1990ರ ದಶಕದಲ್ಲಿ ಬೋರ್ಡೊ ಪ್ರಾಂತದ ಹೆಸರಾಂತ ವೈನ್ ತಜ್ಞ ಮಿಶೆಲ್ ರೋಲಾಂ ಸಲಹೆಗಾರರಾದರು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ಹಗಲಿನ ಬಿಸಿಲು, ರಾತ್ರಿಯ ತಂಪು: ಇವು ಆ ಬಳ್ಳಿಗಳಿಗೆ ಒಗ್ಗಿದವು. 2012ರಲ್ಲಿ ಸಂಸ್ಥೆಯು ನಾಸಿಕ್ ಕಡೆಯ ಇನ್ನೊಂದು ಕಂಪನಿಯೊಂದಿಗೆ ಸೇರಿ ಗ್ರೋವರ್ ಜಾಂಪಾ ಎನಿಸಿಕೊಂಡಿತು.

ಹೀಗೆ ಹಣ್ಣು ಈ ಮಣ್ಣಿನದು, ದುಡಿಮೆ ಈ ಊರಿನವರದು. ಆದರೆ ಅದರ ರಸವನ್ನು ಸವಿಯುವ ವಿದ್ಯೆ ಮಾತ್ರ ಬೇರೆ ಯಾರದೋ ಎಂಬ ಭಾವನೆ ಗಟ್ಟಿಯಾಗಿ ಕೂತಿದೆ. ನಮ್ಮ ಊರುಗಳಲ್ಲಿ 'ವೈನ್ಸ್' ಎಂಬ ಫಲಕ ಹೊತ್ತ ಅಂಗಡಿಗೆ ಹೋಗಿ ನೋಡಿ. ವಿಸ್ಕಿ, ಬ್ರಾಂದಿ, ರಮ್ ತುಂಬಿರುತ್ತವೆ. ನಿಜವಾದ ವೈನ್, ಅಂದರೆ ದ್ರಾಕ್ಷಾರಸ, ಮೂಲೆಯ ಗೂಡಿನಲ್ಲಿ ಧೂಳು ಹಿಡಿದು ಕೂತಿರುತ್ತದೆ. ಹೆಸರು ವೈನಿನದು, ವ್ಯಾಪಾರ ಉಳಿದವುಗಳದು. ಇನ್ನೊಂದು ಕಡೆ, ದೊಡ್ಡ ಹೋಟೆಲುಗಳಲ್ಲಿ ಹಂಸದ ಕೊರಳಿನಂಥ ಗಾಜಿನ ಪಾತ್ರೆಗೆ ವೈನನ್ನು ಸುರಿದು, ಅರ್ಧ ಗಂಟೆ ಕಾಯಿಸಿ, ಫ್ರೆಂಚ್ ಮಾತುಗಳ ನಡುವೆ ಬಡಿಸುತ್ತಾರೆ. ಆ ಪಾತ್ರೆಯ ಹೆಸರು ಡಿಕ್ಯಾಂಟರ್. ಅದಿಲ್ಲದೆ ವೈನಿನ ರುಚಿ ತಿಳಿಯದು ಎಂದು ನಂಬುವವರೂ ಇದ್ದಾರೆ.

ಡಿಕ್ಯಾಂಟ್ ಎಂಬುದಕ್ಕೆ ಕನ್ನಡದ ಪದ ಹುಡುಕಬೇಕಾಗಿಲ್ಲ. ಅದು 'ಬಸಿಯುವುದು'. ಕಾಳು, ಸೊಪ್ಪು ಬೇಯಿಸಿ ಕಟ್ಟು ಬಸಿದು ಮಾಡುವ ಬಸ್ಸಾರು ಈ ಸೀಮೆಯ ಮನೆಮನೆಯ ಅಡುಗೆ. ಬೆಣ್ಣೆ ಕಾಯಿಸಿದ ಮೇಲೆ ತಳದ ಗಸಿ ಅಲುಗದಂತೆ ಪಾತ್ರೆಯನ್ನು ಮೆಲ್ಲನೆ ಬಾಗಿಸಿ ತಿಳಿತುಪ್ಪವನ್ನು ಜಾಡಿಗೆ ಇಳಿಸುವ ಗೃಹಿಣಿಯ ಕೈಚಳಕ ಯಾವ ಹೋಟೆಲಿನ ಪರಿಚಾರಕನಿಗೂ ಕಡಿಮೆಯದಲ್ಲ. ಕೆರೆಯ ನೀರಿಗೆ ಚಿಲ್ಲದ ಬೀಜ ತೇಯ್ದು, ಕೆಸರು ತಳಕ್ಕೆ ಇಳಿದ ಮೇಲೆ ತಿಳಿಯನ್ನು ಮಾತ್ರ ಬೇರೆ ಪಾತ್ರೆಗೆ ಬಸಿಯುವ ಪದ್ಧತಿಯೂ ಹಳೆಯದೇ.

ವೈನನ್ನು ಬಸಿಯಲು ಎರಡು ಕಾರಣಗಳಿವೆ. ಇವೆರಡನ್ನೂ ಒಂದೇ ಎಂದು ತಿಳಿಯುವುದರಿಂದಲೇ ಗೊಂದಲ ಹುಟ್ಟುವುದು.

ಮೊದಲನೆಯದು ಗಸಿ. ಕೆಂಪು ವೈನಿಗೆ ಬಣ್ಣ ಮತ್ತು ಒಗರು ಬರುವುದು ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ. ವರ್ಷಗಳು ಕಳೆದಂತೆ ಬಣ್ಣದ ಕಣಗಳೂ ಒಗರಿಗೆ ಕಾರಣವಾದ ಟ್ಯಾನಿನ್ನುಗಳೂ ಒಂದಕ್ಕೊಂದು ಅಂಟಿ ತಳಕ್ಕೆ ಇಳಿಯುತ್ತವೆ. ಕೆಲವೊಮ್ಮೆ ಗಾಜಿನ ಚೂರಿನಂತೆ ಹೊಳೆಯುವ ಹರಳುಗಳೂ ಕಾಣುತ್ತವೆ. ಹೆದರಬೇಕಾಗಿಲ್ಲ. ಹುಣಸೆಯ ಹುಳಿಗೆ ಕಾರಣವಾದ ಟಾರ್ಟಾರಿಕ್ ಆಮ್ಲವೇ ದ್ರಾಕ್ಷಿಯಲ್ಲೂ ಇದೆ. ಆ ಹರಳು ಅದರ ಲವಣ, ನಿರಪಾಯಕಾರಿ. ಇಂಥ ಹಳೆಯ ವೈನನ್ನು ಒಂದು ದಿನ ನೆಟ್ಟಗೆ ನಿಲ್ಲಿಸಿ, ಸೀಸೆಯ ಕೊರಳಿನ ಹಿಂದೆ ದೀಪವಿಟ್ಟು, ಅಲುಗಿಸದೆ ಬಸಿಯಬೇಕು. ಗಸಿ ಕೊರಳಿಗೆ ಬಂದೊಡನೆ ನಿಲ್ಲಿಸಬೇಕು. ಆದರೆ ಸಾವಿರ ರೂಪಾಯಿಯೊಳಗಿನ ವೈನನ್ನು ಸಾಮಾನ್ಯವಾಗಿ ಸೋಸಿಯೇ ಸೀಸೆಗೆ ತುಂಬಿರುತ್ತಾರೆ. ಅದು ಕೆಲವೇ ವರ್ಷಗಳಲ್ಲಿ ಕುಡಿಯಲೆಂದು ಮಾಡಿದ್ದು. ಅದರಲ್ಲಿ ಗಸಿ ಹುಡುಕುವುದು ವ್ಯರ್ಥ.

ಎರಡನೆಯದು ಗಾಳಿ. ತಿಂಗಳುಗಟ್ಟಲೆ ಮುಚ್ಚಿದ ಸೀಸೆಯಲ್ಲಿ ಗಂಧಕದ ಸಂಯುಕ್ತಗಳಿಂದ ಕೆಲವೊಮ್ಮೆ ಗೀರಿದ ಬೆಂಕಿಕಡ್ಡಿಯ ಅಥವಾ ಬೇಯಿಸಿದ ಮೊಟ್ಟೆಯ ವಾಸನೆ ಹುಟ್ಟುತ್ತದೆ. ವೈನನ್ನು ಎತ್ತರದಿಂದ ಸುರಿದು ಗಾಳಿಗೊಡ್ಡಿದರೆ ಆ ವಾಸನೆ ಎಷ್ಟೋ ಹಾರಿಹೋಗಿ, ಅಡಿಯಲ್ಲಿ ಅಡಗಿದ್ದ ಹಣ್ಣಿನ ಪರಿಮಳ ಮೇಲೆ ಬರುತ್ತದೆ. ಕಾಫಿಯನ್ನು ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ಎತ್ತಿ ಹೊಯ್ಯುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಗರೂ ತಗ್ಗಿದಂತೆ ತೋರುತ್ತದೆ. ಹಾಗೆಂದು ಟ್ಯಾನಿನ್ ಅರ್ಧ ಗಂಟೆಯಲ್ಲಿ ಕರಗಿಹೋಗುವುದಿಲ್ಲ. ಹೆಚ್ಚಾಗಿ ಮೂಗಿಗೆ ಪರಿಮಳ ತುಂಬಿಬಂದಾಗ ನಾಲಿಗೆ ಒಗರನ್ನು ಕ್ಷಮಿಸುತ್ತದೆ, ಅಷ್ಟೆ.

ಈ ಗಾಳಿ ಮಿತ್ರನೂ ಹೌದು, ಶತ್ರುವೂ ಹೌದು. ಫ್ರೆಂಚ್ ವಿಜ್ಞಾನಿ ಲೂಯಿ ಪ್ಯಾಶ್ಚರ್ 1866ರಲ್ಲಿ ವೈನ್ ಕುರಿತು ಪ್ರಕಟಿಸಿದ ಗ್ರಂಥದಲ್ಲಿ ವೈನ್ ಹದವಾಗುವುದರಲ್ಲಿ ಆಮ್ಲಜನಕದ ಪಾತ್ರವನ್ನೂ ವೈನ್ ಕೆಡುವುದರಲ್ಲಿ ಸೂಕ್ಷ್ಮಾಣುಗಳ ಪಾತ್ರವನ್ನೂ ವಿವರಿಸಿದ. ಗಾಳಿ ಹೆಚ್ಚು ಹೊತ್ತು ತಗುಲಿದರೆ ಪರಿಮಳ ಮಂಕಾಗುತ್ತದೆ. ದಿನಗಳು ಕಳೆದರೆ ಗಾಳಿ ಬೇಡುವ ಬ್ಯಾಕ್ಟೀರಿಯಾಗಳು ಮದ್ಯಸಾರವನ್ನು ವಿನೆಗರಿನ ಹುಳಿಯಾಗಿಸುತ್ತವೆ.

ಈ ಕಾರಣಕ್ಕಾಗಿಯೇ ತಜ್ಞರಲ್ಲೂ ಒಮ್ಮತವಿಲ್ಲ. ಬೋರ್ಡೊದ ಮೇರು ವಿದ್ವಾಂಸ ಎಮಿಲ್ ಪೇನೋ (1912–2004) ಅವರ ಪ್ರಕಾರ ಗಸಿಯಿರುವ ವೈನನ್ನು ಮಾತ್ರ ಬಸಿಯಬೇಕು, ಅದೂ ಬಡಿಸುವ ಸ್ವಲ್ಪ ಮುಂಚೆ. ಉಳಿದ ವೈನಿಗೆ ಲೋಟದಲ್ಲಿ ತಿರುಗಿಸಿದಾಗ ತಗುಲುವ ಗಾಳಿಯೇ ಸಾಕು. ಇನ್ನು ಕೆಲವರು ಎಳೆಯ, ಒಗರು ಹೆಚ್ಚಿರುವ ಕೆಂಪು ವೈನಿಗೆ ಒಂದೆರಡು ಗಂಟೆಯ ಗಾಳಿ ಬೇಕೇಬೇಕು ಎನ್ನುತ್ತಾರೆ. ಯಾರ ಮಾತು ನಂಬಬೇಕು? ಉತ್ತರವನ್ನು ಮನೆಯಲ್ಲೇ ಕಂಡುಕೊಳ್ಳಬಹುದು.

ಅದಕ್ಕೆ ಬೇಕಾದ್ದು ಇಷ್ಟೇ. ಒಂದು ಸೀಸೆ ಕೆಂಪು ವೈನ್, ಬಾಯಿ ಅಗಲವಿರುವ ಗಾಜಿನ ಹೂಜಿ ಅಥವಾ ಸ್ಟೀಲ್ ಜಗ್ಗು, ಒಂದೇ ಬಗೆಯ ಎರಡು ಗಾಜಿನ ಲೋಟ. ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಪಾತ್ರೆ ಬೇಡ. ಹುಣಸೆಹುಳಿಯನ್ನು ಅದರಲ್ಲಿ ಇಡದಿರಲು ಏನು ಕಾರಣವೋ ಇಲ್ಲಿಯೂ ಅದೇ ಕಾರಣ. ಪ್ಲಾಸ್ಟಿಕ್ಕಿನಲ್ಲಿ ಹಳೆಯ ವಾಸನೆ ಉಳಿದಿರುತ್ತದೆ. ಸೋಪಿನ ವಾಸನೆ ಹೋಗುವವರೆಗೆ ಪಾತ್ರೆಯನ್ನು ತೊಳೆಯಬೇಕು.

ಮೊದಲು ತಂಪು ನೋಡಿಕೊಳ್ಳಿ. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಬಡಿಸಬೇಕೆಂಬ ಮಾತು ಯೂರೋಪಿನ ಚಳಿ ಮನೆಗಳದು. ಅಲ್ಲಿನ ಕೋಣೆ 16ರಿಂದ 18 ಡಿಗ್ರಿ ಸೆಲ್ಸಿಯಸ್. ಏಪ್ರಿಲ್ ತಿಂಗಳಲ್ಲಿ ನಮ್ಮ ನಡುಮನೆ 30 ಡಿಗ್ರಿ ದಾಟಿರುತ್ತದೆ. ಆ ಬಿಸಿಯಲ್ಲಿ ಮದ್ಯಸಾರದ ಘಾಟೇ ಮೂಗಿಗೆ ರಾಚುತ್ತದೆ. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ. ಫ್ರಿಜ್ಜಿಲ್ಲದಿದ್ದರೆ ಸೀಸೆಗೆ ಒದ್ದೆ ಬಟ್ಟೆ ಸುತ್ತಿ ಗಾಳಿಯಾಡುವಲ್ಲಿಡಿ. ಬಿಳಿ ವೈನಿಗೆ 8ರಿಂದ 12 ಡಿಗ್ರಿಯಷ್ಟು ಹೆಚ್ಚಿನ ತಂಪು ಬೇಕು. ಅದನ್ನು ಬಸಿಯುವ ಅಗತ್ಯ ಬರುವುದು ಅಪರೂಪ. ಗುಳ್ಳೆಯೇಳುವ ವೈನನ್ನು ಬಸಿದರೆ ಗುಳ್ಳೆಯೇ ಹೋಗುತ್ತದೆ.

ಸೀಸೆ ತೆರೆದೊಡನೆ ಮೂಸಿ ನೋಡಿ, ಗುಟುಕಿಗಿಂತ ಕಡಿಮೆ ರುಚಿ ನೋಡಿ. ಒದ್ದೆ ರಟ್ಟಿನ ಮುಗ್ಗಲು ವಾಸನೆ ಬಂದರೆ ಅದು ಬಿರಡೆಯಿಂದ ಬಂದ ದೋಷ. ಎಷ್ಟು ಬಸಿದರೂ ಹೋಗದು. ವೈನ್ ಸರಿಯಾಗಿದ್ದರೆ ಅರ್ಧ ಸೀಸೆಯನ್ನು ಹೂಜಿಗೆ ಎತ್ತರದಿಂದ ಸುರಿಯಿರಿ. ಉಳಿದರ್ಧಕ್ಕೆ ಬಿರಡೆ ಹಾಕಿ. ಇಪ್ಪತ್ತು ಮೂವತ್ತು ನಿಮಿಷ ಕಳೆಯಲಿ. ನಂತರ ಮನೆಯವರೊಬ್ಬರು ಒಂದು ಲೋಟಕ್ಕೆ ಸೀಸೆಯದನ್ನೂ ಇನ್ನೊಂದಕ್ಕೆ ಹೂಜಿಯದನ್ನೂ ಹಾಕಿ, ಲೋಟದ ತಳಕ್ಕೆ ಗುರುತು ಮಾಡಿ, ಯಾವುದು ಯಾವುದೆಂದು ಹೇಳದೆ ಕೊಡಲಿ. ವ್ಯತ್ಯಾಸ ತಿಳಿದರೆ ಸಂತೋಷ. ತಿಳಿಯದಿದ್ದರೆ ಮುಂದಿನ ಬಾರಿ ಆ ವೈನನ್ನು ಬಸಿಯುವ ಶ್ರಮ ಬೇಡ. ದುಬಾರಿ ಡಿಕ್ಯಾಂಟರಿನ ಹಣವೂ ಉಳಿಯಿತು.

ಇನ್ನು ಸವಿಯುವ ಬಗೆ. ಲೋಟದ ಮೂರನೇ ಒಂದು ಭಾಗ ಮಾತ್ರ ತುಂಬಬೇಕು. ಬಾಯಿ ಕಿರಿದಾದ ಲೋಟ ಪರಿಮಳವನ್ನು ಹಿಡಿದಿಡುತ್ತದೆ. ಬಿಳಿ ಕಾಗದದ ಎದುರು ಬಣ್ಣ ನೋಡಿ, ಲೋಟವನ್ನು ಮೆಲ್ಲನೆ ತಿರುಗಿಸಿ, ಮೂಸಿ, ಒಂದು ಗುಟುಕನ್ನು ನಾಲಿಗೆಯ ಮೇಲೆಲ್ಲ ಆಡಿಸಬೇಕು. ನುಂಗಲೇಬೇಕೆಂದಿಲ್ಲ, ವೃತ್ತಿಪರ ಪರೀಕ್ಷಕರು ಉಗುಳುತ್ತಾರೆ.

ಇಲ್ಲಿ ಬಹಳ ಮಂದಿ ಸೋಲುವುದು ಮಾತಿಗೆ. ಪುಸ್ತಕಗಳಲ್ಲಿ ಬರುವ ಬ್ಲ್ಯಾಕ್‌ಕರಂಟ್, ಗೂಸ್‌ಬೆರಿ ಹಣ್ಣುಗಳನ್ನು ಕಂಡವರೇ ಇಲ್ಲಿ ಕಡಿಮೆ. ಕಾಣದ ಹಣ್ಣಿನ ವಾಸನೆ ಹೇಳುವುದಾದರೂ ಹೇಗೆ? ಆದರೆ ಕ್ಯಾಬರ್ನೆ ಸಾವಿನ್ಯೋನ್ ವೈನಿನ ಒಗರನ್ನು ನೇರಳೆ ಹಣ್ಣು ತಿಂದ ನಾಲಿಗೆ ತಕ್ಷಣ ಗುರುತಿಸುತ್ತದೆ. ಅಡಿಕೆಯ ಒಗರು, ಬಾಳೆಕಾಯಿಯ ಒಗರು, ನೇರಳೆಯ ಒಗರು ಬೇರೆಬೇರೆ ಎಂದು ಬಲ್ಲವರು ನಾವು. ಸಾವಿನ್ಯೋನ್ ಬ್ಲಾಂಕ್ ಎಂಬ ಬಿಳಿ ವೈನಿನಲ್ಲಿ ಸೀಬೆಯ ಪರಿಮಳವೂ ದೇವನಹಳ್ಳಿ ಚಕ್ಕೋತದ ಸಿಪ್ಪೆಯ ಘಮವೂ ಸಿಗಬಹುದು. ಶಿರಾಜ್ ವೈನಿನಲ್ಲಿ ಕರಿಮೆಣಸಿನ ವಾಸನೆ ಬಂದರೆ ಅದು ಭ್ರಮೆಯಲ್ಲ. ಆ ವಾಸನೆಗೆ ಕಾರಣವಾದ ರೋಟಂಡೋನ್ ಎಂಬ ವಸ್ತುವನ್ನು ಆಸ್ಟ್ರೇಲಿಯಾದ ವಿಜ್ಞಾನಿಗಳು ಗುರುತಿಸಿ 2008ರಲ್ಲಿ ಪ್ರಕಟಿಸಿದರು. ನಮ್ಮ ಮಲೆನಾಡಿನ ಕರಿಮೆಣಸಿನಲ್ಲಿರುವುದೂ ಅದೇ.

ಒಂದು ಎಚ್ಚರಿಕೆಯನ್ನು ಹೇಳದಿದ್ದರೆ ಈ ಮಾತು ಅಪೂರ್ಣ. 'ವೈನ್ ತಾನೆ, ಪರವಾಗಿಲ್ಲ' ಎಂಬ ನಂಬಿಕೆ ವ್ಯಾಪಕವಾಗಿದೆ. ಲೆಕ್ಕ ಹಾಕಿ ನೋಡಿ. ಶೇ 13ರಷ್ಟು ಮದ್ಯಸಾರವಿರುವ 150 ಮಿಲಿಲೀಟರ್ ವೈನಿನಲ್ಲಿ ಸುಮಾರು 19.5 ಮಿಲಿಲೀಟರ್ ಮದ್ಯಸಾರವಿರುತ್ತದೆ. ಶೇ 42.8ರ ವಿಸ್ಕಿಯ 30 ಮಿಲಿಲೀಟರ್ ಪೆಗ್ಗಿನಲ್ಲಿ ಇರುವುದು ಸುಮಾರು 12.8. ಅಂದರೆ ಒಂದು ಲೋಟ ವೈನ್ ಒಂದು ಸಣ್ಣ ಪೆಗ್ಗಿಗಿಂತ ಹೆಚ್ಚು. ಮದ್ಯದ ಯಾವ ಪ್ರಮಾಣವೂ ಆರೋಗ್ಯಕ್ಕೆ ಪೂರ್ಣ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಕುಡಿಯದವರು ಕುಡಿಯಲು ಕಲಿಯಬೇಕಾದ ಅಗತ್ಯವೇನೂ ಇಲ್ಲ. ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದದ್ದು 2007ರ ಜುಲೈ 1ರಂದು. ಅದೇ ವರ್ಷ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನೂ ತಂದಿತು. ಕುಡಿತದಿಂದ ಮನೆ ಮುರಿದ ಹೆಣ್ಣುಮಕ್ಕಳ ಅನುಭವವೂ ದ್ರಾಕ್ಷಿ ಬೆಳೆಗಾರನ ಹಿತವೂ ಒಟ್ಟಿಗೆ ಎದುರು ನಿಂತ ವರ್ಷ ಅದು. ಸವಿಯುವ ವಿದ್ಯೆಗೆ ಬೆಲೆ ಬರುವುದು ಅದು ಪ್ರಮಾಣವನ್ನು ತಗ್ಗಿಸಿದಾಗ ಮಾತ್ರ. ಪರೀಕ್ಷೆಗೆ ಲೋಟಕ್ಕೆ 50 ಮಿಲಿಲೀಟರ್ ಧಾರಾಳ ಸಾಕು.

ಉಳಿದ ವೈನನ್ನು ಅಂದೇ ಮುಗಿಸಬೇಕೆಂಬ ನಿಯಮವಿಲ್ಲ. ಆಲಿಕೆಯಿಟ್ಟು ಚಿಕ್ಕ ಸೀಸೆಯೊಂದಕ್ಕೆ ಕೊರಳವರೆಗೆ ತುಂಬಿ, ಬಿಗಿಯಾಗಿ ಮುಚ್ಚಿ ಫ್ರಿಜ್ಜಿನಲ್ಲಿಡಿ. ಗಾಳಿಗೆ ಜಾಗವಿಲ್ಲದಿದ್ದರೆ ಎರಡು ಮೂರು ದಿನ ಚೆನ್ನಾಗಿರುತ್ತದೆ. ಹುಳಿಯಾದರೆ ಅಡುಗೆಗೆ ಬಳಸಬಹುದು.

ಕೊನೆಗೆ ನಮ್ಮದೇ ಹಣ್ಣಿನ ಮಾತು. ಫ್ರೆಂಚ್ ಬಳ್ಳಿ ಬರುವುದಕ್ಕೆ ಬಹಳ ಮೊದಲಿನಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುತ್ತಿರುವುದು ಬೆಂಗಳೂರು ಬ್ಲೂ. ವರ್ಷಕ್ಕೆ ಎರಡು ಬೆಳೆ ಕೊಡುವ ಈ ನೀಲಿ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಅಗ್ಗದ ಸಿಹಿ ವೈನುಗಳಿಗೆ ಈ ಹಣ್ಣು ಬಳಕೆಯಾಗುತ್ತದೆ. ಇದು ಅಮೆರಿಕ ಮೂಲದ ಲ್ಯಾಬ್ರಸ್ಕಾ ಜಾತಿಗೆ ಸೇರಿದ್ದು. ಆ ಜಾತಿಯ ಗಾಢ ಪರಿಮಳವನ್ನು ಪಾಶ್ಚಾತ್ಯ ಪರೀಕ್ಷಕರು 'ನರಿ ವಾಸನೆ' ಎಂದು ಕರೆದು ಕೆಳದರ್ಜೆಗೆ ಸೇರಿಸಿದ್ದಾರೆ. 2020ರ ಲಾಕ್‌ಡೌನ್ ಕಾಲದಲ್ಲಿ ಕೊಳ್ಳುವವರಿಲ್ಲದೆ ದ್ರಾಕ್ಷಿ ಬೆಳೆಗಾರರು ಕಂಗೆಟ್ಟದ್ದನ್ನು ಈ ಭಾಗದ ಜನ ಕಣ್ಣಾರೆ ಕಂಡಿದ್ದಾರೆ. ಹಣ್ಣಿಗೆ ಮನ್ನಣೆಯಿಲ್ಲದಿದ್ದರೆ ಬಳ್ಳಿ ಉಳಿಯುವುದಿಲ್ಲ. ವಿಮಾನ ನಿಲ್ದಾಣದ ಸುತ್ತಿನ ನೆಲದಲ್ಲಿ ಬಳ್ಳಿ ಕಿತ್ತರೆ ಆ ಜಾಗದಲ್ಲಿ ಏಳುವುದು ಮತ್ತೊಂದು ಬಡಾವಣೆ.

ಆ ಪರಿಮಳವನ್ನು ಬಾಲ್ಯದಿಂದ ಬಲ್ಲ ಮೂಗು ಈ ಸೀಮೆಯದು. ಅದು ಹೆಚ್ಚೋ ಕಡಿಮೆಯೋ, ಹಿತವೋ ಅಹಿತವೋ ಎಂದು ಹೇಳುವ ಅಧಿಕಾರವೂ ಆ ಮೂಗಿಗೇ ಮೊದಲು ಸಲ್ಲಬೇಕು. ಅದಕ್ಕೆ ಹಂಸದ ಕೊರಳಿನ ಪಾತ್ರೆ ಬೇಡ. ತುಪ್ಪ ಬಸಿಯುವ ಕೈಯ ನಿಧಾನ ಇದ್ದರೆ ಸಾಕು.