ತಲೆ ಎಣಿಕೆಯ ಲೆಕ್ಕ
(ನವಿಲುತೀರ್ಥದ ಸಭೆಯಲ್ಲಿ ಮಾಡಿದ ಭಾಷಣ)



ನಾನು ಅಚ್ಚಿನ ಮನೆಯವನು. ಓದಿದ್ದು ಪಿ.ಯು.ಸಿ. ಮಾತ್ರ. ಆದರೂ ಒಂದು ಮಾತು ಹೇಳಬೇಕು. ನೆಲ ಯಾವ ರಾಜ್ಯಕ್ಕೆ ಸೇರಬೇಕು ಎಂಬ ತಕರಾರು ಬಂದಾಗ ಅಲ್ಲಿ ನೆಲೆಸಿದವರ ತಲೆ ಎಣಿಸುತ್ತಾರೆ. ಎಣಿಸುವ ರೀತಿಯಲ್ಲೇ ಇದೆ ನೋಡಿ ಎಲ್ಲ ಆಟ!

ಅಮೆರಿಕದ ಸಂವಿಧಾನ ಐವರು ಗುಲಾಮರನ್ನು ಮೂರು ತಲೆ ಎಂದು ಹಿಡಿಯಿತು. ಗುಲಾಮನಿಗೆ ಮತವಿಲ್ಲ. ಅವನ ಲೆಕ್ಕದಿಂದ ಹೆಚ್ಚಾದ ಸೀಟು ಮಾತ್ರ ಧಣಿಗಳ ಪಾಲು. ಹೀಗಾಗಿ ಹೊಸ ರಾಜ್ಯ ಸೇರುವಾಗಲೆಲ್ಲ ಜಗಳ. 1820ರಲ್ಲಿ ಮಿಸೌರಿಯಲ್ಲಿ ಗುಲಾಮಗಿರಿ ಇರಲಿ ಎಂದು ಒಪ್ಪಿ, ತಕ್ಕಡಿ ತೂಗಿಸಲು ಗುಲಾಮಗಿರಿಯಿಲ್ಲದ ಮೇನ್ ರಾಜ್ಯ ಸೇರಿಸಿಕೊಂಡರು. 1854ರಲ್ಲಿ ಕಾನ್ಸಾಸ್ ಪ್ರಾಂತ್ಯದ ಪ್ರಶ್ನೆ ಬಂತು. ‘ನೆಲೆಸಿದವರೇ ತೀರ್ಮಾನಿಸಲಿ’ ಎಂದರು. ಎರಡೂ ಬಣದವರು ಮಂದಿ ತಂದು ತುಂಬಿದರು. 1855ರ ಚುನಾವಣೆಗೆ ಮಿಸೌರಿಯವರು ಸಾವಿರಗಟ್ಟಲೆ ಗಡಿ ದಾಟಿ ಬಂದು ಮತ ಹಾಕಿ ಊರಿಗೆ ವಾಪಸಾದರು. ಆಮೇಲೆ ರಕ್ತ ಹರಿಯಿತು. ಕಾನ್ಸಾಸ್ ಗುಲಾಮಗಿರಿಯಿಲ್ಲದ ರಾಜ್ಯವಾಗಿ ಸೇರಿದ್ದು 1861ರಲ್ಲಿ.

ನಮ್ಮಲ್ಲೋ? 1951ರ ಜನಗಣತಿಯಲ್ಲಿ ಇನಾಮದಾರನೂ ಒಂದು ತಲೆ, ಜೀತದಾಳೂ ಒಂದು ತಲೆ. ರಾಮದುರ್ಗ 1948ರವರೆಗೆ ಸಂಸ್ಥಾನ. ಅರಮನೆಯಲ್ಲಿ ಮರಾಠಿ, ಹೊಲದಲ್ಲಿ ಕನ್ನಡ. ಅರಮನೆಯ ಕಾಗದ ನೋಡಿ ತೀರ್ಮಾನಿಸಿದ್ದರೆ ರಾಮದುರ್ಗ ಎಲ್ಲಿರುತ್ತಿತ್ತು, ಹೇಳಿ?

ಅದೇ ಲೆಕ್ಕದಲ್ಲಿ 1956ರಲ್ಲಿ ಚಂದಗಡ ಆಚೆ ಹೋಯಿತು. ಅಲ್ಲಿ ಮರಾಠಿಗರೇ ಬಹಳ. ಹೋಗಿದ್ದು ನ್ಯಾಯವೇ. ಬೆಳಗಾವಿ ಮಾತ್ರ ತನ್ನ ಜಿಲ್ಲೆಯ ಉಳಿದ ತಾಲ್ಲೂಕುಗಳ ಜೊತೆ ಇಲ್ಲೇ ಉಳಿಯಿತು. ಮಹಾರಾಷ್ಟ್ರದವರು ಹಳ್ಳಿಯನ್ನೇ ಘಟಕ ಮಾಡಿ ಎಂದು ಪಟ್ಟು ಹಿಡಿದರು. 1967ರಲ್ಲಿ ಮಹಾಜನ ಆಯೋಗ 264 ಹಳ್ಳಿ ಅವರಿಗೆ, 247 ಹಳ್ಳಿ ನಮಗೆ, ಬೆಳಗಾವಿ ಇಲ್ಲಿಗೇ ಎಂದಿತು. ಆಯೋಗ ಬೇಕೆಂದವರೇ ವರದಿ ಬೇಡವೆಂದರು! 2004ರಲ್ಲಿ ಸುಪ್ರೀಂ ಕೋರ್ಟಿಗೂ ಹೋದರು.

ಅವರು ಕೇಳುವ ಪಟ್ಟಿಯಲ್ಲಿ ಖಾನಾಪುರವೂ ಇದೆ. ಈ ಅಣೆಕಟ್ಟಿನಲ್ಲಿ ನಿಂತಿರುವ ಮಲಪ್ರಭೆ ಹುಟ್ಟುವುದು ಅದೇ ತಾಲ್ಲೂಕಿನ ಕಣಕುಂಬಿಯಲ್ಲಿ. ಹಳ್ಳಿ ಹಳ್ಳಿ ಎಣಿಸಿ ಗೆರೆ ಎಳೆದರೆ ಹೊಳೆಯ ತಲೆ ಒಂದು ರಾಜ್ಯದಲ್ಲಿ, ಒಡಲು ಇನ್ನೊಂದರಲ್ಲಿ.

ಹಾಗೆಂದು ಬೆಳಗಾವಿಯ ಮರಾಠಿಗರನ್ನು ಗಡಿ ದಾಟಿ ಮತ ಹಾಕಿದ ಮಿಸೌರಿಯವರಂತೆ ನೋಡಬೇಡಿ. ತಲೆತಲಾಂತರದಿಂದ ಅವರೂ ಇಲ್ಲಿಯವರು. ಅವರ ಮದುವೆ ಕಾಗದ ನನ್ನ ಪ್ರೆಸ್ಸಿನಲ್ಲೂ ಅಚ್ಚಾಗಿವೆ. ನಮ್ಮ ತಕರಾರು ಗೆರೆಯದು, ನೆರೆಯವರದಲ್ಲ.

ಗಣತಿಯವರು ಮನೆಗೆ ಬಂದಾಗ ಮಾತೃಭಾಷೆಯ ಕಾಲಮ್ಮು ತುಂಬುವುದನ್ನು ಎದುರಿಗೇ ನಿಂತು ನೋಡಿ. ಜತ್ತ, ಅಕ್ಕಲಕೋಟೆಯಲ್ಲಿ ಬೀಗರಿದ್ದರೆ ಅವರಿಗೂ ಹೇಳಿಕಳಿಸಿ.